ದೀಪದ ಸುತ್ತ ಅಕ್ಕ ಬರೆದ ಬಳೆ

ನನ್ನ ಅಕ್ಕನ ಎಡಗಣ್ಣು ಹೋದದ್ದು ನನ್ನ ಎದುರಿಗೇ. ಒಂದೇ ಮೇಜು, ಆ ಕಡೆ ಅವಳು, ಈ ಕಡೆ ನಾನು, ನಡುವೆ ಒಂದು ದೀಪ. ಎರಡು ವರ್ಷ ಹೆಚ್ಚುಕಡಿಮೆ ದಿನಾ ಮಧ್ಯಾಹ್ನ ಹಾಗೆ ಕೂತು ಕೆಲಸ ಮಾಡಿದ್ದೇವೆ. ಆ ಎರಡು ವರ್ಷ ಅವಳ ಕಣ್ಣು ಒಳಗೊಳಗೇ ಆರುತ್ತ ಬಂದಿತ್ತು. ಅವಳಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಗದಿರುವುದಕ್ಕೆ ಅವಳು ಕೆಲಸ ಮಾಡುವ ರೀತಿ ಕಾರಣ. ನನಗೆ ಗೊತ್ತಾಗದಿರುವುದಕ್ಕೆ ನನ್ನ ಸೊಕ್ಕು ಕಾರಣ.

ನಾವು ಮಾಡುತ್ತಿದ್ದದ್ದು ರುಖವತದ ಗೊಂಬೆಗಳನ್ನು. ನಮ್ಮ ಕಡೆಯ ಮದುವೆಗಳಲ್ಲಿ ಹೆಣ್ಣಿನವರು ಬೀಗರಿಗೆ ಕಾಣುವಂತೆ ದೊಡ್ಡ ಮೇಜಿನ ಮೇಲೆ ಉಂಡಿ, ಕರಚಿಕಾಯಿ, ಕಸೂತಿ, ಮಣಿಯ ತೋರಣ ಎಲ್ಲ ಜೋಡಿಸಿಡುತ್ತಾರೆ. ಅದೇ ರುಖವತ. ಅದರ ನಡುವೆ ಗೊಂಬೆಯ ಸಂಸಾರವೂ ಒಂದಿರಬೇಕು. ಬೆರಳುದ್ದದ ಅತ್ತೆ, ಬೆರಳುದ್ದದ ಸೊಸೆ, ಹೊಸಿಲ ಮೇಲೆ ಅಕ್ಕಿ ತುಂಬಿದ ಸೇರು, ಒಲೆಯ ಮುಂದೆ ರೊಟ್ಟಿ ಬಡಿಯುವವಳು, ಊಟಕ್ಕೆ ಕೂತ ಗಂಡಸರು, ತೊಟ್ಟಿಲು. ಮಣ್ಣು ಮನೋಳಿಯ ಹೊಳೆದಂಡೆಯಿಂದ ಬರುತ್ತಿತ್ತು. ಆ ಜಿಗಟು ಮಣ್ಣಿಗೆ ಕಾಗದದ ಹಿಟ್ಟು ಕಲಸಿದರೆ ಗೊಂಬೆಯ ಮೂಗು ಕೂಡ ಮುರಿಯುವುದಿಲ್ಲ.

ನಾನು ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ಮೊಣಕಾಲು ಕೈಕೊಟ್ಟಿತೆಂದು ಕೆಲಸ ಬಿಟ್ಟು ಮನೆಯಲ್ಲಿ ಈ ಗೊಂಬೆಗಳನ್ನು ಶುರು ಮಾಡಿದೆ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು, ಏಳನೇ ಇಯತ್ತೆಗೇ ಶಾಲೆ ಬಿಟ್ಟವಳು. ಇಬ್ಬರನ್ನೂ ಇದೇ ಊರಿಗೆ ಕೊಟ್ಟಿದ್ದಾರೆ. ಅವಳ ಮನೆ ಎರಡು ಓಣಿ ಆಚೆ. ಮಧ್ಯಾಹ್ನದ ಊಟ ಮುಗಿಸಿ ಬಿಸಿಲಿಗೆ ಸೆರಗು ಹೊದ್ದು ಬಂದು, "ಏನ ಹಚ್ಚಲಿ ಹೇಳು" ಎಂದು ಕೂರುತ್ತಿದ್ದಳು. ಗಿರಾಕಿಗಳ ಜೊತೆ ಮಾತು, ಫೋಟೊ ಕಳಿಸುವುದು, ತಪ್ಪು ಹುಡುಕುವುದು ನನ್ನ ಕೆಲಸ. ತಪ್ಪು ಹುಡುಕುವುದರಲ್ಲಿ ನಾನು ಮೊದಲಿನಿಂದಲೂ ಚುರುಕು.

ಮೊದಮೊದಲು ಗೊಂಬೆಯ ಮನೆಗೆ ನಿಜವಾದ ಬಲ್ಬನ್ನೇ ಹಚ್ಚುತ್ತಿದ್ದೆವು. ಸಾಸಿವೆಯಷ್ಟು ಬಲ್ಬು, ಕೆಳಗೆ ಸೆಲ್ಲು. ಕಿತ್ತೂರಿನ ಒಂದು ಮದುವೆಯಲ್ಲಿ ನಾನು ಜೋಡಿಸಿದ ವೈರು ಕಾದು, ಥರ್ಮಾಕೋಲಿನ ಕೊಟ್ಟಿಗೆ ಎತ್ತುಗಳ ಸಮೇತ ಕರಗಿ ಕೂತುಬಿಟ್ಟಿತು. ಬೀಗಿತ್ತಿಯೊಬ್ಬಳು ಮೂಗು ಮುಚ್ಚಿಕೊಂಡು, "ಏನೋ ಸುಟ್ಟ ವಾಸನಿ ಬರಾಕತ್ತೈತಿ, ನೋಡ್ರಿ" ಎಂದಾಗ ನಾನು ಮಂಟಪದ ಹಿಂಬಾಗಿಲಿನಿಂದ ಹೊರಟುಬಂದೆ. ಇನ್ನು ಮೇಲೆ ಬಲ್ಬು ಬೇಡವೇ ಬೇಡ ಎಂದು ಅವತ್ತೇ ಗಟ್ಟಿ ಮಾಡಿದೆ.

ಅದೇ ವಾರ ಫೋನಿನಲ್ಲಿ ಒಂದು ವಿಡಿಯೊ ಕಣ್ಣಿಗೆ ಬಿತ್ತು. ಯಾವನೋ ಪರದೇಶದವನು ಹೆಬ್ಬೆರಳಿನಷ್ಟು ಸಿಪಾಯಿಯ ಕೈಗೆ ಪಂಜು ಕೊಟ್ಟು, ಆ ಪಂಜಿನ ಬೆಳಕನ್ನು ಬ್ರಶ್ಶಿನಿಂದಲೇ ಅವನ ಮುಖದ ಮೇಲೆ ಬರೆಯುತ್ತಿದ್ದ. ಬೆಂಕಿಯಿಲ್ಲ, ಬಲ್ಬಿಲ್ಲ, ಆದರೂ ಗೊಂಬೆ ಉರಿಯುವ ಪಂಜಿನ ಪಕ್ಕ ನಿಂತಂತೆ ಕಾಣುತ್ತಿತ್ತು. ಗುಟ್ಟು ಇಷ್ಟೇ. ಮೊದಲು ಎಲ್ಲವನ್ನೂ ಕತ್ತಲೆ ಮಾಡಬೇಕು, ಕಪ್ಪಿಗೆ ಹತ್ತಿರದ ಕಂದು ಬಣ್ಣ ಬಳಿದು. ಆಮೇಲೆ ದೀಪಕ್ಕೆ ಎದುರಾದ ಕೆನ್ನೆ, ಮೂಗಿನ ತುದಿ, ಸೀರೆಯ ನೆರಿಗೆಯ ಏಣು, ಇಷ್ಟಕ್ಕೆ ಮಾತ್ರ ಇಟ್ಟಂಗಿ ಕೆಂಪು, ಅದರ ಒಳಗೆ ಕಿತ್ತಳೆ, ಅದರ ಒಳಗೆ ಹಳದಿ, ದೀಪಕ್ಕೆ ತೀರ ಹತ್ತಿರವಾದಲ್ಲಿ ಹಾಲಿನಂಥ ಬಿಳುಪು. ಗೊಂಬೆಗಳನ್ನು ಹಲಗೆಗೆ ಅಂಟಿಸಿದ ಮೇಲೆಯೇ ಈ ಕೆಲಸ, ಏಕೆಂದರೆ ಗೊಂಬೆ ನಿಂತ ಜಾಗ ಬದಲಾದರೆ ಬೆಳಕೂ ಬದಲಾಗುತ್ತದೆ.

ನಾನು ಒಂದು ತಿಂಗಳು ಹೆಣಗಿದೆ. ನನ್ನ ಗೊಂಬೆಗಳಿಗೆ ಅರಿಶಿನ ಕಾಮಾಲೆ ಆದಂತೆ ಕಾಣುತ್ತಿತ್ತು. ಅಕ್ಕ ಒಂದು ಮಧ್ಯಾಹ್ನ ಸುಮ್ಮನೆ ಬ್ರಶ್ಶು ಇಸಿದುಕೊಂಡು ರೊಟ್ಟಿ ಬಡಿಯುವವಳ ಮುಖಕ್ಕೆ ಒಲೆಯ ಬೆಳಕು ಬರೆದಳು. ಆ ಗೊಂಬೆಯ ಹಣೆಯಲ್ಲಿ ಇನ್ನೇನು ಬೆವರು ಬರಬೇಕು, ಹಾಗಿತ್ತು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅಂದಿನಿಂದ ಮೈ, ಬಟ್ಟೆ, ಕಣ್ಣು ಹುಬ್ಬು ನನ್ನದು, ಬೆಳಕು ಅವಳದು ಎಂದಾಯಿತು.

ಅವಳಿಗೆ ಅವಳದೇ ಒಂದು ರೀತಿ ಇತ್ತು. ಗಲ್ಲವನ್ನು ಹಲಗೆಗೆ ತಾಗಿಸಿ, ಗೊಂಬೆಮನೆಯ ದೀಪದ ಎತ್ತರಕ್ಕೆ ಮುಖ ತಂದು, ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡುತ್ತಿದ್ದಳು. "ದೀಪಕ್ಕ ಏನ ಕಾಣತೈತಿ ಅದಕ್ಕಷ್ಟ ಬೆಳಕ. ಅದಕ್ಕ ಕಾಣಲಾರದ್ದಕ್ಕ ನಾವ್ಯಾಕ ಕೊಡೂಣು" ಎನ್ನುವಳು. ಪ್ರತಿ ಗೊಂಬೆಗೂ ಹೀಗೇ, ಎಡಗಣ್ಣು ಮುಚ್ಚಿ. ನಾನು ನನ್ನ ಬುದ್ಧಿವಂತಿಕೆಯನ್ನೂ ಸೇರಿಸಿದೆ. ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ, ಕೋಣೆಯನ್ನು ನಡುಮಧ್ಯಾಹ್ನವೇ ಕತ್ತಲು ಮಾಡಿ, ಮೇಜಿನ ನಡುವೆ ಒಂದೇ ಒಂದು ಎಣ್ಣೆದೀಪ ಇಟ್ಟೆ. ನಿಜವಾದ ಬೆಳಕು ಹೇಗೆ ಬೀಳುತ್ತದೆ ಎಂದು ನೋಡಿ ಬರೆಯಬೇಕಲ್ಲ. ಅಕ್ಕ ಒಮ್ಮೆ, "ಯಾಕೋ ಕಣ್ಣ ಭಾರ ಆಗತಾವ, ಒಂದ ಕಿಡಕಿ ತಗಿ" ಎಂದಳು. ನಾನು ತೆಗೆಯಲಿಲ್ಲ.

ರಾಮದುರ್ಗದವರದೊಂದು ಹಲಗೆಯ ಮೇಲೆ ಮೊದಲ ಸಲ ಅದನ್ನು ನೋಡಿದೆ. ದೀಪದ ಗೂಡಿನ ಹಿಂದಿನ ಗೋಡೆಗೆ ಅಕ್ಕ ಹಳದಿ ಬೆಳಕು ಬರೆದು, ಅದರ ಸುತ್ತ ತೆಳ್ಳಗೆ ಒಂದು ಬಣ್ಣದ ಬಳೆ ಬರೆದಿದ್ದಳು.

"ಇದೇನಿದು?"

"ದೀಪದ ಸುತ್ತ ಇರತಾವಲ್ಲ, ಅವು."

"ಏನಿರತಾವು?"

"ಬಣ್ಣದ ಬಳಿ. ಹೊರಗ ಕೆಂಪ, ಒಳಗ ನೀಲಿ. ನೋಡಲ್ಲೆ, ಈಗೂ ಐತಿ" ಎಂದು ಮೇಜಿನ ಮೇಲಿನ ದೀಪವನ್ನು ತೋರಿಸಿದಳು.

ನಾನು ನೋಡಿದೆ. ಕುಡಿ ಇತ್ತು, ಕುಡಿಯ ಸುತ್ತ ಬೆಳಕಿತ್ತು. ಬಳೆ ಗಿಳೆ ಏನೂ ಇರಲಿಲ್ಲ. ನಕ್ಕುಬಿಟ್ಟೆ. "ಅಕ್ಕಾ, ದೀಪಕ್ಕ ಬಳಿ ಇಡಸಾಕ ಅದಕ್ಕೇನ ಕುಬಸಾ ಮಾಡಾಕತ್ತಿಯೇನ?" ಎಂದೆ. ಬಸುರಿಗೆ ಬಳೆ ಇಡಿಸುವ ಶಾಸ್ತ್ರ ನೆನೆದು ಅವಳೂ ನಕ್ಕಳು. ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ನಾನು ಬಿಡಲಿಲ್ಲ. ಬೆಳಕು ನಡುವಿನಿಂದ ದೂರ ಹೋದಂತೆ ಕಡಿಮೆಯಾಗುತ್ತದೆಯೇ ಹೊರತು ಬಣ್ಣದ ಅಂಚು ಕಟ್ಟಿಕೊಂಡು ನಿಲ್ಲುವುದಿಲ್ಲ, ಡಿಪ್ಲೊಮಾದಲ್ಲಿ ಇದನ್ನೇ ಓದಿದ್ದೇನೆ ಎಂದು ಹತ್ತನೇ ಇಯತ್ತೆಯ ಹುಡುಗರಿಗೆ ಹೇಳಿದಂತೆ ಹೇಳಿದೆ. ಹೇಳುತ್ತಲೇ ಕಂದು ಬಣ್ಣ ತೆಗೆದುಕೊಂಡು ಅವಳ ಬಳೆಯ ಮೇಲೆ ಬಳಿದೆ.

"ಆತ ಬಿಡು" ಎಂದಳು.

ಮುಂದಿನ ಹಲಗೆಯಲ್ಲೂ ಬಳೆ ಇತ್ತು. ಅದರ ಮುಂದಿನದರಲ್ಲೂ ಇತ್ತು, ಈ ಸಲ ಇನ್ನಷ್ಟು ದಪ್ಪಗೆ. ಮೂರನೆಯ ಸಲ ನನಗೆ ಸಿಟ್ಟು ತಡೆಯಲಾಗಲಿಲ್ಲ. "ಹೇಳಿದ್ದ ಮಾತ ತಲಿಗೆ ಹೋಗಂಗಿಲ್ಲೇನ ನಿನಗ?" ಎಂದೆ. ಸ್ವಂತ ಅಕ್ಕನಿಗೆ, ನನ್ನನ್ನು ಕಂಕುಳಲ್ಲಿ ಎತ್ತಿ ಬೆಳೆಸಿದವಳಿಗೆ. ಆಮೇಲೆ ಅವಳು ಬಳೆ ಬರೆಯಲಿಲ್ಲ. ಕಡೆಗೂ ಕಲಿತಳು ಎಂದು ನಾನು ಖುಷಿಪಟ್ಟೆ.

ಅವಳಿಗೆ ಅವು ಕಾಣುವುದೇನೂ ನಿಂತಿರಲಿಲ್ಲ. ಬರೆಯುವುದನ್ನಷ್ಟೇ ಬಿಟ್ಟಿದ್ದಳು.

ಸಂಜೆ ಎದ್ದು ಹೋಗುವಾಗ ತಲೆನೋವು ಎನ್ನುತ್ತಿದ್ದಳು. ಒಂದೆರಡು ಸಲ ನಮ್ಮ ಬಚ್ಚಲಲ್ಲಿ ವಾಂತಿಯೂ ಆಯಿತು. ಪಿತ್ತ ಎಂದು ನಿಂಬೆಹಣ್ಣಿನ ಪಾನಕ ಕೊಟ್ಟೆ. ಬಾಗಿಲ ಎಡಗಡೆಯ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು, ಎಡಕ್ಕೆ ಇಟ್ಟ ಚಹಾದ ಕಪ್ಪನ್ನು ಕೆಡವುವುದು ಹೆಚ್ಚಾಯಿತು. ನನ್ನ ಗಂಡ, "ಅಕ್ಕಾರ, ನಮ್ಮ ಬಾಗಲಾ ಸಣ್ಣದಾತೇನ್ರಿ?" ಎಂದು ಚೇಷ್ಟೆ ಮಾಡಿದರೆ ಅವಳೂ, "ಹೌದ್ರಿ, ನಿಮ್ಮ ಮನ್ಯಾಗ ಉಂಡು ನಾ ದಪ್ಪ ಆಗೇನಿ" ಎನ್ನುತ್ತಿದ್ದಳು. ನಾವು ಮೂವರೂ ನಗುತ್ತಿದ್ದೆವು.

ಆಮೇಲೆ ಸವದತ್ತಿಯ ಮದುವೆ ಬಂತು. ಆ ವಾರ ನಾನು ಸಂಗೊಳ್ಳಿಯಲ್ಲಿ ನಾದಿನಿಯ ಮೊಮ್ಮಗನ ಜವಳಕ್ಕೆ ಹೋಗಿ ನಾಲ್ಕು ದಿನ ಉಳಿದಿದ್ದೆ. ಹಲಗೆಯ ಬೆಳಕನ್ನೆಲ್ಲ ಅಕ್ಕ ಒಬ್ಬಳೇ ಬರೆದು, ಬಟ್ಟೆ ಸುತ್ತಿ, ಪೆಟ್ಟಿಗೆಗೆ ಇಟ್ಟಿದ್ದಳು. ನಾನು ಬಂದ ಮರುದಿನ ಬೆಳಿಗ್ಗೆಯೇ ಟೆಂಪೊ ಹತ್ತಿದೆವು. ಮಂಟಪದಲ್ಲಿ ಬಟ್ಟೆ ಬಿಚ್ಚಿದಾಗಲೇ ನಾನದನ್ನು ಮೊದಲು ನೋಡಿದ್ದು.

ಹಲಗೆಯ ಬಲಗಡೆ ಎಲ್ಲವೂ ಬೆಳಗುತ್ತಿತ್ತು. ಊಟಕ್ಕೆ ಕೂತವರ ಹೆಗಲು, ರೊಟ್ಟಿ ಬಡಿಯುವವಳ ಕೈ, ತೊಟ್ಟಿಲ ಹಗ್ಗ, ಅಷ್ಟು ಚಂದದ ಬೆಳಕನ್ನು ಅವಳು ಹಿಂದೆಂದೂ ಬರೆದಿರಲಿಲ್ಲ. ದೀಪದಿಂದ ಎಡಕ್ಕೆ ಏನೂ ಇರಲಿಲ್ಲ. ಬರೀ ಕಂದು ಕಪ್ಪು. ಆರತಿ ಹಿಡಿದ ಅತ್ತೆ, ಸೇರು ಒದೆಯಲು ಕಾಲೆತ್ತಿದ ಸೊಸೆ, ಇಬ್ಬರೂ ಮಸಿ ಬಳಿದಂತೆ ನಿಂತಿದ್ದರು.

ಹೆಣ್ಣಿನ ತಾಯಿ ಬಂದು ಬಾಗಿ ನೋಡಿದರು. ಮೆಲ್ಲಗೆ, "ಬಾಯಾರ, ನಮ್ಮ ಹುಡುಗಿ ಕತ್ತಲದಾಗ ಮನಿ ತುಂಬಾಕತ್ತಾಳೇನ್ರಿ?" ಎಂದರು. ಬೀಗರು ಬರಲು ಒಂದು ಗಂಟೆಯೂ ಉಳಿದಿರಲಿಲ್ಲ.

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ಜನರ ಮುಂದೆ, "ಅರ್ಧಾ ಬರದು ಅರ್ಧಾ ಬಿಟ್ಟಿಯಲ್ಲ, ಮಾನಾ ಕಳದಿ ನಂದು" ಎಂದೆ.

"ಎಲ್ಲಾ ಬರದೇನಿ" ಎಂದಳು ಅಕ್ಕ. ಮೇಜಿಗೆ ಬಾಗಿ, ಎಡಗಣ್ಣು ಮುಚ್ಚಿ, ಎಂದಿನಂತೆ ನೋಡಿದಳು. "ಎಲ್ಲಾ ಬೆಳಕ ಐತಿ, ನೋಡ."

"ಸೊಸಿ ಮಾರಿ ನೋಡು."

"ಯಾವ ಸೊಸಿ?"

ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡೆ. "ಸೊಸಿ ಎಲ್ಲಿದಾಳ, ಬೆರಳಿಟ್ಟ ತೋರಸು" ಎಂದೆ. ಅವಳ ಬೆರಳು ಬಲದಿಂದ ಹೊರಟಿತು. ತೊಟ್ಟಿಲು, ಗಂಡಸರು, ಒಲೆ ದಾಟಿ ದೀಪದ ಹತ್ತಿರ ಬಂದು ನಿಂತಿತು. ಅದರಾಚೆ ಹೋಗಲಿಲ್ಲ. ಹಲಗೆ ಅಲ್ಲಿಗೇ ಮುಗಿಯಿತೆಂಬಂತೆ ಅವಳು ಬೆರಳನ್ನು ಅಲ್ಲೇ ಇಟ್ಟುಕೊಂಡು ನನ್ನ ಮುಖ ನೋಡಿದಳು. ಅವಳ ಮುಖದಲ್ಲಿ ಚೇಷ್ಟೆ ಇರಲಿಲ್ಲ.

ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ, ಅವಳಿಗೆ ಎಡಗಣ್ಣು ತೆರೆಯಲು ಹೇಳಿ, ನನ್ನ ಅಂಗೈಯಿಂದ ಅವಳ ಬಲಗಣ್ಣು ಮುಚ್ಚಿದೆ.

"ಈಗ ಹೇಳು. ಏನ ಕಾಣತೈತಿ?"

ಅವಳು ತಲೆ ಅತ್ತಿತ್ತ ತಿರುಗಿಸಿದಳು. "ಕರೆಂಟ್ ಹೋತೇನ?" ಎಂದಳು.

ತಲೆಯ ಮೇಲೆ ಸಾಲಾಗಿ ಟ್ಯೂಬ್‌ಲೈಟು ಉರಿಯುತ್ತಿದ್ದವು. ಕಿಟಕಿಗಳೆಲ್ಲ ತೆರೆದಿದ್ದವು, ಹೊರಗೆ ಹತ್ತು ಗಂಟೆಯ ಬಿಸಿಲು. ಅವಳ ಕಣ್ಣಿನಿಂದ ಕೈ ತೆಗೆದೆ.

"ಬಂತ ನೋಡು" ಎಂದಳು ಅಕ್ಕ, ಸಮಾಧಾನದಿಂದ.

ಪೆಟ್ಟಿಗೆಯಿಂದ ಬ್ರಶ್ಶು ತೆಗೆದು ಸೊಸೆಯ ಮುಖಕ್ಕೆ, ಅತ್ತೆಯ ಕೈಗೆ ನಾನೇ ಬೆಳಕು ಬರೆದೆ. ಬಣ್ಣ ಕಲಸಿಕೊಟ್ಟವಳು ಅವಳು. ಸೊಸೆಯ ಕೆನ್ನೆಯ ಹಳದಿ ಕಿವಿಯವರೆಗೆ ಹರಡಿತು. ಹೆಣ್ಣಿನ ತಾಯಿ, "ಈಗ ಚಂದ ಆತ ನೋಡ್ರಿ" ಎಂದು ಕಣ್ಣೊರೆಸಿಕೊಂಡು ಹೋದರು. ತಿರುಗಿ ಬರುವಾಗ ಟೆಂಪೊದಲ್ಲಿ ಅಕ್ಕ ಸೆರಗಿನಿಂದ ಬಲಗಣ್ಣು ಮುಚ್ಚುವುದು, ತೆರೆಯುವುದು, ಮತ್ತೆ ಮುಚ್ಚುವುದು ಮಾಡುತ್ತಿದ್ದಳು. ನಾನು ನೋಡಿಯೂ ನೋಡದವಳಂತೆ ಕೂತಿದ್ದೆ.

ಮರುದಿನ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ನನ್ನ ಶಿಷ್ಯೆಯಷ್ಟು ವಯಸ್ಸಿನ ಹೆಣ್ಣುಮಗಳು. ಬಹಳ ಹೊತ್ತು ನೋಡಿದರು. ಕಣ್ಣೊಳಗಿನ ನೀರು ಹರಿದುಹೋಗುವ ದಾರಿ ಕಟ್ಟಿ, ಒತ್ತಡ ಏರಿ, ನರ ಒಣಗಿದೆ ಎಂದರು. ಎಡಗಣ್ಣು ಪೂರ್ತಿ ಹೋಗಿದೆ, ಬಲಗಣ್ಣಿನಲ್ಲಿ ಮೂಗಿನ ಕಡೆಯ ಅರ್ಧ, ಎಂದರೆ ಎಡಗಡೆ ಕಾಣುವುದು, ಹೋಗಿದೆ.

"ಅರ್ಧ ಹೋಗಿದ್ರ ಗೊತ್ತ ಆಗಬೇಕಿತ್ತಲ್ರಿ" ಎಂದೆ. ನನ್ನ ದನಿ ಜಗಳದ ದನಿಯಾಗಿತ್ತು.

"ಕಾಣಲಾರದ ಜಾಗ ಕಪ್ಪಗೆ ಕಾಣಂಗಿಲ್ರಿ. ಅದು ಇಲ್ಲೇ ಇಲ್ಲ ಅನ್ನೂ ಹಂಗ ಆಗತೈತಿ. ಒಂದ ಕಣ್ಣ ಹೋದ್ರೂ ಇನ್ನೊಂದು ಮುಚ್ಚಿ ನೋಡೂತನಕ ಗೊತ್ತಾಗಂಗಿಲ್ಲ" ಎಂದರು. ಅಕ್ಕ ಮುಚ್ಚಿ ನೋಡುತ್ತಿದ್ದಳು, ದಿನಕ್ಕೆ ನೂರು ಸಲ. ಆದರೆ ಮುಚ್ಚುತ್ತಿದ್ದದ್ದು ಹೋದ ಕಣ್ಣನ್ನೇ.

ಆಮೇಲೆ ಡಾಕ್ಟರು ಅಕ್ಕನ ಕಡೆ ತಿರುಗಿ ಕೇಳಿದರು. "ಅವ್ವಾರ, ದೀಪದ ಸುತ್ತ ಬಣ್ಣಬಣ್ಣದ ಉಂಗುರ ಕಾಣತಿದ್ವೇನ್ರಿ?"

"ಕಾಣತಾವಲ್ರಿ" ಎಂದಳು ಅಕ್ಕ. "ಎಲ್ಲಾರಿಗೂ ಕಾಣತಾವಲ್ಲ."

"ಎಷ್ಟ ದಿನಾ ಆತ್ರಿ?"

ಅಕ್ಕ ನನ್ನ ಕಡೆ ತಿರುಗಿದಳು. "ಯಾವಾಗಿಂದ ಅಂತ ತಂಗಿಗೆ ಗೊತ್ತೈತ್ರಿ" ಎಂದಳು. ಅದರಲ್ಲಿ ಒಂದು ಚೂರೂ ಆರೋಪ ಇರಲಿಲ್ಲ. ನಿಜವಾಗಿ ನಾನು ಲೆಕ್ಕ ಇಟ್ಟಿರುತ್ತೇನೆ ಎಂದು ನಂಬಿ ಹೇಳಿದ ಮಾತು. ಆ ಬಣ್ಣದ ಬಳೆಗಳೇ ರೋಗದ ಮೊದಲ ಗುರುತಂತೆ. ಅವಳು ಅವನ್ನು ನನಗೆ ಕೆಂಪು ನೀಲಿ ಬಣ್ಣದಲ್ಲಿ, ಒಂದಲ್ಲ ಮೂರು ಸಲ, ಗೋಡೆಯ ಮೇಲೆ ಬರೆದು ತೋರಿಸಿದ್ದಳು.

"ಕತ್ತಲದಾಗ ಭಾಳ ಕುಂದರತಿದ್ರೇನ್ರಿ? ಸಿನಿಮಾ, ದೇವರ ಕೋಣಿ, ಹಂಗೇನರ?" ಎಂದರು ಡಾಕ್ಟರು. ಕತ್ತಲಲ್ಲಿ ಕಣ್ಣಿನ ಪಾಪೆ ಅರಳಿ, ಮೊದಲೇ ಇಕ್ಕಟ್ಟಾದ ಆ ದಾರಿ ಇನ್ನಷ್ಟು ಮುಚ್ಚುತ್ತದಂತೆ. ಕಂಬಳಿಯ ಸಂಗತಿ ನಾನೇ ಹೇಳಿದೆ. ಅವರು ಬರೆದುಕೊಂಡರು, ಏನೂ ಅನ್ನಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಹೋದ ದೃಷ್ಟಿ ಬರುವುದಿಲ್ಲ, ಉಳಿದ ಅರ್ಧವನ್ನು ಲೇಸರು, ಹನಿ ಹಾಕಿ ಉಳಿಸಿಕೊಳ್ಳಬೇಕು ಎಂದರು. ಎದ್ದು ನಿಂತಾಗ ನನ್ನನ್ನು ನೋಡಿ, "ನೀವು ಖಾಸ ತಂಗಿ ಏನ್ರಿ? ಇದು ಮನಿತನದಾಗ ಬರತೈತಿ. ನೀವೂ ಕುಂದರ್ರಿ" ಎಂದರು.

ನನ್ನ ಎರಡು ಕಣ್ಣಲ್ಲೂ ಅದೇ ಇಕ್ಕಟ್ಟು ಇತ್ತು. ಒತ್ತಡ ಇನ್ನೂ ಏರಿರಲಿಲ್ಲ, ಅಷ್ಟೇ. ಲೇಸರಿನ ಯಂತ್ರಕ್ಕೆ ಗಲ್ಲ ಆನಿಸಿ ಕೂತೆ. ನಾಲ್ಕಾರು ಸಲ ಮಿಂಚಿದಂತಾಯಿತು, ಸೂಜಿ ಚುಚ್ಚಿದಷ್ಟು ನೋವು, ಮುಗಿಯಿತು. ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. "ನಿಮ್ಮ ಅಕ್ಕಾರೂ ಮೊದಲ ಬಂದಿದ್ರ ಇಷ್ಟರಾಗ ಮುಗೀತಿತ್ತು" ಎಂದರು ಡಾಕ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹೊರಗೆ ಬೆಂಚಿನ ಮೇಲೆ ಅಕ್ಕ ನನ್ನ ಚೀಲ ಹಿಡಿದು ಕೂತಿದ್ದಳು. ನಾನು ಅವಳ ಎಡಗಡೆಯಿಂದ ಹೋಗಿ ನಿಂತೆ. ಮಾತಾಡಿಸುವವರೆಗೆ ಅವಳಿಗೆ ಗೊತ್ತಾಗಲಿಲ್ಲ.

ಈಗ ದಿನಕ್ಕೆ ಎರಡು ಸಲ ಅವಳ ಮನೆಗೆ ಹೋಗಿ ನಾನೇ ಹನಿ ಹಾಕುತ್ತೇನೆ. ಅವಳು ಹಾಕಿಕೊಂಡರೆ ಗುರಿ ತಪ್ಪಿ ಕೆನ್ನೆಗೆ ಬೀಳುತ್ತದೆ. ಮೂರು ತಿಂಗಳಾದರೂ ಬಳೆಗಳ ಮಾತನ್ನು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ, ನನಗೆ ಹೆದರಿಕೆ. ಮೊನ್ನೆ ಬೆಳಿಗ್ಗೆ ಕಟ್ಟೆಯ ಮೇಲೆ ಕೂರಿಸಿ, ತಲೆ ಹಿಂದಕ್ಕೆ ಬಾಗಿಸಿ ಹನಿ ಬಿಟ್ಟೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಒಂದ ಮಾತ ಕೇಳಲೇನ?"

"ಕೇಳು."

"ನಾ ಬಳಿ ಬರದಾಗ ನೀ ಯಾಕ ಅಳಸಿದಿ?"

ಏನೇನೋ ಹೇಳಬಹುದಿತ್ತು. ಗೊತ್ತಿರಲಿಲ್ಲ ಎನ್ನಬಹುದಿತ್ತು, ಗಿರಾಕಿಗಳ ಮೇಲೆ ಹಾಕಬಹುದಿತ್ತು. ಬಾಟಲಿಯ ಮುಚ್ಚಳ ಹಾಕಿದೆ.

"ನಿನಗಿಂತ ನನಗ ಚೊಲೋ ಕಾಣತೈತಿ ಅಂತ ತಿಳದಿದ್ದೆ" ಎಂದೆ.

ಅಕ್ಕ ಕೆನ್ನೆಗಿಳಿದ ಹನಿಯನ್ನು ಸೆರಗಿನಿಂದ ಒರೆಸಿಕೊಂಡಳು.

"ನಾನೂ ಹಂಗ ತಿಳದಿದ್ದೆ" ಎಂದಳು.